ಬೆನ್ನು ತೋರಿಸಿ ಕೂತವನು

ಕುದುರೆ ಮೇವು ಮುಟ್ಟಿರಲಿಲ್ಲ. ಗುನೈಮ ಅದಕ್ಕೆ ಬೆನ್ನು ಮಾಡಿ, ಕಾಲು ಮಡಚಿ, ಖರ್ಜೂರ ಜಗಿಯುತ್ತಾ ಕೂತಿದ್ದ. ಹಲ್ಲುಗಳು ಎಡಗಡೆ ಮಾತ್ರ ಉಳಿದಿದ್ದವು, ಹಾಗಾಗಿ ಜಗಿಯುವುದೂ ಒಂದು ಕೆಲಸವೇ ಆಗಿತ್ತು. ಬಿಸಿಲಿಗೆ ಕಾದ ಕರಿಗಲ್ಲಿನ ಬಯಲು ಕಣ್ಣು ತೆರೆಯಲು ಬಿಡುತ್ತಿರಲಿಲ್ಲ. ಬೆನ್ನ ಹಿಂದೆ ಆ ಪ್ರಾಣಿ ಮೂಗರಳಿಸಿ ಉಸಿರೆಳೆಯುವುದು, ಹಗ್ಗ ಬಿಗಿಯಾಗುವುದು, ಮತ್ತೆ ಸಡಿಲವಾಗುವುದು, ಇಷ್ಟನ್ನೂ ಅವನು ಕಿವಿಯಲ್ಲೇ ನೋಡುತ್ತಿದ್ದ.

"ಇದೇನಾ ನಿನ್ನ ವಿದ್ಯೆ?" ದಹಾಮ ಕೇಳಿದ. ಶೇಖ್ ಸತ್ತಾಮನ ಕಿರಿಮಗ ಅವನು. ಹಿಂದಿನ ದಾಳಿಯಲ್ಲಿ ಈ ಕುದುರೆಯನ್ನು ಅದರ ಸವಾರನನ್ನು ಕೆಡವಿ ಹಿಡಿದು ತಂದಿದ್ದ. ಅವನ ಮೊದಲ ಗೆಲುವು. ಆದರೆ ಗೆದ್ದ ಕುದುರೆಯ ಮೇಲೆ ಇನ್ನೂ ಕೂರಲಾಗಿರಲಿಲ್ಲ. ಕೂರಲು ಹೋದಾಗ ಅದು ಕಚ್ಚಿದ ಗುರುತು ಮೊಣಕೈ ಮೇಲೆ ಹಸುರುಗಟ್ಟಿತ್ತು.

"ಹೂಂ, ಇದೇ."

"ಕೂತ್ಕೊಂಡು ಖರ್ಜೂರ ತಿನ್ನೋದು?"

"ಬೇಕಾದ್ರೆ ನೀನೂ ತಗೋ."

"ನಮ್ಮಜ್ಜಿನೂ ದಿನವಿಡೀ ಇದನ್ನೇ ಮಾಡ್ತಾಳೆ. ಅವಳು ಯಾರನ್ನೂ ಪಳಗಿಸಿದ್ದು ನಾನು ಕಂಡಿಲ್ಲ."

"ನಿಮ್ಮಜ್ಜನ್ನ ಕೇಳಿ ನೋಡು," ಎಂದ ಗುನೈಮ.

ಡೇರೆಯ ನೆರಳಲ್ಲಿದ್ದ ಗಂಡಸರು ನಕ್ಕರು. ದಹಾಮನೂ ನಕ್ಕ, ಆಮೇಲೆ ನಗಬಾರದಿತ್ತು ಅನಿಸಿ ಮುಖ ಗಂಟಿಕ್ಕಿದ.

ಜನ ಗುನೈಮನನ್ನು ಬೆನ್ನಿನಪ್ಪ ಎಂದು ಕರೆಯುತ್ತಿದ್ದರು. ಶಾಮ್ ದೇಶದ ಕುದುರೆ ವ್ಯಾಪಾರಿಗಳಿಗೂ, ಯೂಫ್ರೆಟಿಸ್ ದಡದ ಡೇರೆಯವರಿಗೂ ಆ ಹೆಸರು ಗೊತ್ತಿತ್ತು. ಬೇರೆಯವರು ಕುದುರೆಯನ್ನು ಪಳಗಿಸುವಾಗ ಕಾಲು ಕಟ್ಟಿ ಕೆಡವುತ್ತಾರೆ, ನೀರು ತಪ್ಪಿಸುತ್ತಾರೆ, ಮುಳ್ಳಿನ ಕಡಿವಾಣ ಹಾಕುತ್ತಾರೆ. ಗುನೈಮ ಬಂದು ಬೆನ್ನು ತೋರಿಸಿ ಕೂರುತ್ತಾನೆ. ಬೇಟೆಯಾಡುವ ಪ್ರಾಣಿ ಯಾವತ್ತೂ ಬೆನ್ನು ತೋರಿಸುವುದಿಲ್ಲ, ಇದು ಕುದುರೆಗೂ ಗೊತ್ತು ಎಂದು ಅವನ ತಂದೆ ಹೇಳುತ್ತಿದ್ದ. ಹೀಗೆ ಕೂತರೆ ಒಂದಲ್ಲ ಒಂದು ಹೊತ್ತಿಗೆ ಕುದುರೆಗೆ ಕುತೂಹಲ ಭಯಕ್ಕಿಂತ ದೊಡ್ಡದಾಗುತ್ತದೆ. ಹತ್ತಿರ ಬಂದು ಹೆಗಲು ಮೂಸುತ್ತದೆ. ಆಮೇಲೆ ಅವನು ಅದರ ಮೂಗಿನ ಹೊಳ್ಳೆಯೊಳಗೆ ಮೆಲ್ಲಗೆ ಉಸಿರು ಬಿಡುತ್ತಾನೆ. ಅಷ್ಟೇ ವಿದ್ಯೆ. ಉಳಿದದ್ದು ಸೊಂಟನೋವು.

ಪಳಗಿದ ಕುದುರೆಗಳ ಸುದ್ದಿ ಅವನನ್ನು ಹುಡುಕಿಕೊಂಡು ಬರುತ್ತಿತ್ತು. ಎಲ್ಲಾದರೂ ಬಾವಿಕಟ್ಟೆಯ ಬಳಿ ಯಾವನೋ ಸವಾರ ಒಂಟೆ ನಿಲ್ಲಿಸಿ, "ಬೆನ್ನಿನಪ್ಪಾ, ನೀನು ಪಳಗಿಸಿದ ಆ ಕಂದು ಕುದುರೆ ನೆನಪಿದೆಯಾ? ಬಂದೂಕು ಹಾರಿದ್ರೂ ಕದಲಲಿಲ್ಲ ನೋಡು. ಕರುಳು ಹೊರಗೆ ಬಂದ್ರೂ ಸವಾರನ್ನ ಬಿಟ್ಟು ಓಡಲಿಲ್ಲ. ಎಂಥ ಕೈಯಪ್ಪಾ ನಿಂದು!" ಎನ್ನುತ್ತಿದ್ದ. ಅದು ಹೊಗಳಿಕೆ. ಗುನೈಮ ತಲೆ ಬಾಗಿಸಿ ಸ್ವೀಕರಿಸುತ್ತಿದ್ದ. ಇತ್ತೀಚೆಗೆ ಹಾಗೆ ಯಾರಾದರೂ ಒಂಟೆ ನಿಲ್ಲಿಸಿದರೆ ಸಾಕು, ಮೈಯೆಲ್ಲ ಭಾರವಾಗುತ್ತಿತ್ತು. ಹೊಡೆದು ಪಳಗಿಸಿದ ಕುದುರೆಯಾದರೆ ಗುಂಡಿನ ಸದ್ದಿಗೆ ಸವಾರನನ್ನು ಕೆಡವಿ ಓಡಿ ಬದುಕಿಕೊಳ್ಳುತ್ತದೆ. ಇವನು ಪಳಗಿಸಿದ್ದು ನಂಬಿ ನಿಲ್ಲುತ್ತದೆ. ನಿಂತು ಸಾಯುತ್ತದೆ.

ಈ ಬೂದುಬಣ್ಣದ ಹೆಣ್ಣುಕುದುರೆಯ ಮುಂಗಾಲುಗಳಲ್ಲಿ ಹಗ್ಗದ ಗಾಯ ಕಂಡಾಗಲೇ ಅವನು ಹೆಂಡತಿಗೆ ಹೇಳಿದ್ದ: "ಇದೊಂದನ್ನ ಈಟಿ ಬಾಯಿಗೆ ಕೊಡಲ್ಲ ಕಣೇ."

"ಹೋದ ಸಲನೂ ಹಿಂಗೇ ಅಂದಿದ್ದೆ," ಎಂದಿದ್ದಳು ವದಹಾ, ಕತ್ತೆಯ ಗೊರಸಿನಿಂದ ಕಲ್ಲು ಕೀಳುತ್ತಾ. "ಅದರ ಹಿಂದಿನ ಸಲನೂ."

ಅವತ್ತು ಮಧ್ಯಾಹ್ನ ಸತ್ತಾಮ ಅವನನ್ನು ಡೇರೆಗೆ ಕರೆಸಿದ. ಒಬ್ಬ ಆಳು ಹುರಿದ ಕಾಫಿಬೀಜವನ್ನು ಮರದ ಒರಳಿಗೆ ಹಾಕಿ ಕುಟ್ಟಲು ಶುರುಮಾಡಿದ. ದೊಡ್ಡ ಮನೆತನದ ಕುಟ್ಟು, ಮದುವೆ ನಗಾರಿಯ ಹಾಗೆ ಬಯಲಿಗೆಲ್ಲ ಕೇಳಬೇಕು. ಡೇರೆಯ ಅಂಚಿನಿಂದ ಗುನೈಮನಿಗೆ ಕುದುರೆ ಕಾಣುತ್ತಿತ್ತು. ಮೊದಲ ಪೆಟ್ಟಿಗೇ ಅದು ಕಿವಿ ನಿಮಿರಿಸಿ ಹಗ್ಗ ಜಗ್ಗಿತು. ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ತಲೆ ಇಳಿಬಿಟ್ಟು ನಡುಗಿತು.

"ಸದ್ದಿಗೆ ಹೆದರುತ್ತೆ," ಎಂದ ಸತ್ತಾಮ. "ಬಂದೂಕಿಗೆ ಏನು ಮಾಡೀತೋ."

ಹೆದರಿದ ಕುದುರೆ ಹಿಂದಕ್ಕೆ ಜಗ್ಗುತ್ತದೆ. ಇದು ಮುಂದಕ್ಕೆ ಜಗ್ಗಿತ್ತು. ಗುನೈಮ ಅದನ್ನು ಗಮನಿಸಿದ, ಅರ್ಥವಾಗಲಿಲ್ಲ.

"ಅದಿರಲಿ," ಸತ್ತಾಮ ಗಡ್ಡ ನೀವಿಕೊಂಡ. "ಕುಲ ಗೊತ್ತಿಲ್ಲದ ಕುದುರೆ ಮೇಲೆ ನನ್ನ ಮಗ ಕೂರೋ ಹಾಗಿಲ್ಲ. ಗಂಡು ಕೊಡಿಸೋ ಹಾಗೂ ಇಲ್ಲ. ನೀನು ಹೋಗಿ ಕೇಳ್ಕೊಂಡು ಬಾ. ದಕ್ಷಿಣದ ಕಣಿವೆಯವರದ್ದು ಅದು. ತರ್ಫಾ ಅಂತ ಒಬ್ಬ ವಿಧವೆ ಸಾಕಿದ್ದಂತೆ."

ಬಯಲಿನಲ್ಲಿ ಎಲ್ಲರೂ ಹೀಗೆಯೇ. ಒಬ್ಬರ ಕುದುರೆ ಒಬ್ಬರು ಈಟಿ ತೋರಿಸಿ ಕಿತ್ತುಕೊಳ್ಳುತ್ತಾರೆ. ಆಮೇಲೆ ಆಳು ಕಳಿಸಿ, ಅದರ ತಾಯಿ ಯಾವ ಕುಲ, ಅಜ್ಜಿ ಯಾವ ಕುಲ ಎಂದು ಕಳಕೊಂಡವರನ್ನೇ ಕೇಳುತ್ತಾರೆ. ಕಳಕೊಂಡವರು ಹಲ್ಲು ಕಚ್ಚಿಕೊಂಡಾದರೂ ನಿಜ ಹೇಳುತ್ತಾರೆ. ಹೋಗುವುದು ಗುನೈಮನಂಥವನೇ ಆಗಬೇಕು, ಯಾಕೆಂದರೆ ಅವನು ಸುಲೂಬಿ. ಜಿಂಕೆ ಚರ್ಮ ಉಟ್ಟು ಕತ್ತೆ ಮೇಲೆ ತಿರುಗುವ ಸುಲೂಬಿಗಳ ಮೇಲೆ ಯಾರೂ ದಾಳಿ ಮಾಡುವುದಿಲ್ಲ, ಯಾರೂ ಅವರಿಗೆ ಹೆಣ್ಣೂ ಕೊಡುವುದಿಲ್ಲ. ಎರಡಕ್ಕೂ ಕಾರಣ ಒಂದೇ: ಅವರನ್ನು ಯಾರೂ ತಮ್ಮ ಸಮ ಎಂದು ಎಣಿಸುವುದಿಲ್ಲ.

"ಬೆರಕೆ ಅಂದ್ರೆ?" ಗುನೈಮ ಕೇಳಿದ.

"ಬೆರಕೆ ಆದ್ರೆ ನೀನೇ ಇಟ್ಕೋ. ಕತ್ತೆ ಜೊತೆ ಕಟ್ಟು." ಸತ್ತಾಮ ನಕ್ಕ. ದಹಾಮ ನಗಲಿಲ್ಲ.

ಗಂಡ ಹೆಂಡತಿ ಬಿಳಿಕತ್ತೆಗಳ ಮೇಲೆ ದಕ್ಷಿಣಕ್ಕೆ ಹೊರಟರು. ದಾರಿಯುದ್ದಕ್ಕೂ ಗುನೈಮನ ತಲೆಯಲ್ಲಿ ಶೇಖನ ಮಾತೇ ಕೊರೆಯುತ್ತಿತ್ತು. ಬೆರಕೆ ಆದರೆ ನೀನೇ ಇಟ್ಟುಕೋ. ಬೆರಕೆ ಎಂಬ ಒಂದು ಮಾತು ಸಾಕು. ಕುದುರೆ ಯುದ್ಧಕ್ಕೆ ಹೋಗುವುದಿಲ್ಲ. ಮೆಲ್ಲಗೆ ಹೊಡೆದುಕೊಂಡು ಬಂದು ಅದರ ಮನೆಗೇ ಬಿಟ್ಟರಾಯಿತು.

"ಏನು ಯೋಚ್ನೆ?" ವದಹಾ ಕೇಳಿದಳು.

"ಏನಿಲ್ಲ. ಸೊಂಟ."

"ನಿನ್ನ ಸೊಂಟ ಇಷ್ಟೊತ್ತು ಯೋಚ್ನೆ ಮಾಡಿದ್ದು ನಾನು ಕಂಡಿಲ್ಲ."

ಕಣಿವೆಯ ಡೇರೆಗಳು ಕಂಡದ್ದು ಬೆಳಗಿನ ತಂಪು ಇನ್ನೂ ಇರುವಾಗ. ಸಾಲಿನ ತುದಿಯಲ್ಲಿ, ಉಳಿದವಕ್ಕಿಂತ ಸ್ವಲ್ಪ ದೂರ, ತೇಪೆ ಹಾಕಿದ ಡೇರೆಯೊಂದಿತ್ತು. ಅಲ್ಲಿಂದ ಕಾಫಿ ಕುಟ್ಟುವ ಸದ್ದು ಬರುತ್ತಿತ್ತು. ವಿಚಿತ್ರ ಸದ್ದು. ಎರಡು ಪೆಟ್ಟು ಮೆಲ್ಲಗೆ, ಒಂದು ಜೋರು, ಆಮೇಲೆ ಒನಕೆ ಒರಳಿನ ಅಂಚನ್ನು ಸವರಿ ಒಂದು ಗಳಿಗೆ ತಡೆದು ಬೀಳುವುದು. ಕುಂಟನೊಬ್ಬ ಮೆಟ್ಟಿಲಿಳಿದ ಹಾಗೆ.

ಗುನೈಮ ಕತ್ತೆ ನಿಲ್ಲಿಸಿ ಕೇಳಿಸಿಕೊಂಡ. ಕುಟ್ಟುತ್ತಿದ್ದವಳು ತರ್ಫಾ. ಎಲುಬುಗಟ್ಟಿನ ಹೆಂಗಸು, ಗಲ್ಲದ ಮೇಲೆ ಹಸಿರು ಹಚ್ಚೆ. ಬಲಗೈಯ ಮಣಿಕಟ್ಟು ಯಾವತ್ತೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

"ಗಂಡಸರ ಕೆಲಸ ಅಲ್ವೇನಮ್ಮಾ ಇದು?" ಎಂದಳು ವದಹಾ, ಕೂರುತ್ತಲೇ.

"ಮನೆ ಗಂಡಸು ಸತ್ತ. ಬಂದವರಿಗೆ ಕಾಫಿ ಇಲ್ಲ ಅನ್ನಕ್ಕಾಗುತ್ತಾ?" ತರ್ಫಾ ಒನಕೆ ನಿಲ್ಲಿಸಲಿಲ್ಲ. "ನನ್ನ ತಮ್ಮ ಕುಟ್ಟಿದ್ರೆ ಬೀಜ ಎಲ್ಲ ಒರಳಿನ ಹೊರಗೆ. ಊರೆಲ್ಲ ನಗುತ್ತೆ ನನ್ನ ಕುಂಟು ಕುಟ್ಟಿಗೆ. ನಗಲಿ. ಕುಡಿಯೋಕೆ ಮಾತ್ರ ಇಲ್ಲಿಗೇ ಬರ್ತಾರೆ." ಆಮೇಲೆ ಗುನೈಮನ ಕಡೆ ನೋಡಿದಳು. "ನೀನು ಬೆನ್ನಿನಪ್ಪ. ಸತ್ತಾಮನ ಕಡೆಯಿಂದ ಬಂದೆ. ಅವಳು ಬದುಕಿದ್ದಾಳಾ?"

"ಬದುಕಿದ್ದಾಳೆ ತಾಯಿ."

"ತಿಂತಿದ್ದಾಳಾ?"

ಗುನೈಮ ಇಲ್ಲವೆಂದು ತಲೆ ಅಲ್ಲಾಡಿಸಿದ. ಅವಳು ಎದ್ದು ಹೊರಗೆ ಹೋಗಿ, ಡೇರೆಯ ಹಗ್ಗವೊಂದನ್ನು ಬಿಗಿ ಮಾಡಿ, ತಿರುಗಿ ಬಂದು ಕೂತಳು. ಹಗ್ಗ ಮೊದಲೇ ಬಿಗಿಯಾಗಿತ್ತು.

ಕುದುರೆಯ ಹೆಸರು ರೀಶಾ, ಎಂದಳು ಕಾಫಿ ಬಗ್ಗಿಸಿ ಕೊಡುತ್ತಾ. ಹಕ್ಕಿಗರಿ. ಹುಟ್ಟಿದಾಗ ಅಷ್ಟು ಹಗುರವಿತ್ತು. ಅದರ ತಾಯಿ ಹೆರಿಗೆಯಲ್ಲೇ ಸತ್ತಿತು. ಒಂಟೆಹಾಲು ಬಟ್ಟೆಯಲ್ಲಿ ಅದ್ದಿ ಇದೇ ಡೇರೆಯೊಳಗೆ ಸಾಕಿದ್ದು. ಚಳಿಗಾಲದಲ್ಲಿ ಅವಳ ಮೊಮ್ಮಕ್ಕಳು ಅದರ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದರು. "ನಾನು ಒರಳು ಮುಂದೆ ಎಳೆದುಕೊಂಡ್ರೆ ಸಾಕು, ಎಲ್ಲಿದ್ರೂ ಬಂದು ಹೆಗಲ ಮೇಲೆ ಗಲ್ಲ ಇಡೋಳು. ಕುಟ್ಟಿ ಮುಗಿದ ಮೇಲೆ ಒಂದು ಖರ್ಜೂರ ಅವಳ ಪಾಲು. ಮೇಯಕ್ಕೆ ದೂರ ಹೋದ್ರೆ ಕರೀತಾ ಇದ್ದದ್ದೂ ಹೀಗೇ. ಕೂಗೋ ಗಂಟಲು ನನಗೆಲ್ಲಿದೆ?"

ಗುನೈಮನಿಗೆ ಆ ಮಧ್ಯಾಹ್ನ ನೆನಪಾಯಿತು. ಸತ್ತಾಮನ ಡೇರೆಯಲ್ಲಿ ಒರಳು ಶುರುವಾದೊಡನೆ ಅದು ಮುಂದಕ್ಕೆ ಜಗ್ಗಿದ್ದು, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತದ್ದು, ಆಮೇಲೆ ತಲೆ ಇಳಿಬಿಟ್ಟದ್ದು. ಹೆದರಿಕೆ ಅಲ್ಲ. ಇದು ನಮ್ಮ ಮನೆ ಅಲ್ಲ ಎಂದು ಪ್ರತಿ ಸಲವೂ ಹೊಸದಾಗಿ ತಿಳಿದುಕೊಳ್ಳುತ್ತಿತ್ತು.

ಅವನು ಬಟ್ಟಲು ಕೆಳಗಿಟ್ಟ. "ತಾಯಿ, ನಾನು ಕುಲ ಕೇಳಕ್ಕೆ ಬಂದವನು."

"ಗೊತ್ತು."

"ಬೆರಕೆ ಅಂದುಬಿಡು."

ತರ್ಫಾ ತಲೆ ಎತ್ತಿದಳು. ವದಹಾ ಕೂಡ ಗಂಡನ ಮುಖ ನೋಡಿದಳು.

"ಬೆರಕೆ ಅಂದ್ರೆ ಶೇಖ ಅದನ್ನ ನನಗೇ ಕೊಡ್ತಾನೆ. ನಾನು ತಂದು ಇಲ್ಲೇ ಕಟ್ತೀನಿ. ಒಂದು ಮಾತು ಅಷ್ಟೇ. ಇಲ್ದಿದ್ರೆ ದಹಾಮ ಅವಳನ್ನ ಹತ್ತಿ ದಾಳಿಗೆ ಹೋಗ್ತಾನೆ. ಇವತ್ತಲ್ಲ ನಾಳೆ..."

ತರ್ಫಾ ತುಂಬ ಹೊತ್ತು ತನ್ನ ಸೊಟ್ಟ ಮಣಿಕಟ್ಟನ್ನು ಉಜ್ಜಿಕೊಂಡಳು. ಮಾತು ಬಾಯಿಯವರೆಗೆ ಬಂದದ್ದು ಅವನಿಗೆ ಕಂಡಿತು.

"ನೋಡಣ್ಣಾ," ಎಂದಳು ಕೊನೆಗೆ. "ನನ್ನ ಹೆತ್ತವಳ ಮೇಲೆ ಬೇಕಾದ್ರೆ ಸುಳ್ಳು ಹೇಳ್ತೀನಿ. ಅವಳು ಬೇಜಾರು ಮಾಡ್ಕೊಳಲ್ಲ, ಅವಳೂ ಸುಳ್ಳು ಹೇಳ್ತಿದ್ಲು. ಆ ಕುದುರೆ ತಾಯಿ ಮೇಲೆ ಹೇಳಲ್ಲ. ಅದು ನನ್ನ ತೊಡೆ ಮೇಲೆ ಸತ್ತದ್ದು." ಅವಳು ಹೊರಗೆ ನಿಂತಿದ್ದ ಇಬ್ಬರು ಮುದುಕರನ್ನು ಸಾಕ್ಷಿಗೆ ಕರೆದು, ಎದ್ದು ನಿಂತು ಹೇಳಿದಳು: "ರೀಶಾ ಕುಹೈಲಾ. ತಾಯಿ ಕುಹೈಲಾ, ತಾಯಿಯ ತಾಯಿ ಕುಹೈಲಾ, ಕಾಡಿಗೆ ಕಣ್ಣಿನ ಕುಲ. ಎಲ್ಲೂ ಬೆರಕೆ ಇಲ್ಲ. ದೇವರು ನೋಡ್ತಿದ್ದಾನೆ."

ವಾಪಸಾಗುವಾಗ ವದಹಾ ತನ್ನ ಕತ್ತೆಯನ್ನು ಗಂಡನ ಕತ್ತೆಯ ಪಕ್ಕಕ್ಕೆ ತಂದಳು. ಆಮೇಲೆ, "ಅವಳು ಹೇಳದಿದ್ರೆ ಏನಂತೆ, ನೀನೇ ಹೇಳ್ಬಿಡು ಬೆರಕೆ ಅಂತ," ಎಂದಳು.

"ಅವಳು ಎದ್ದು ನಿಂತು ಹೇಳಿದ್ಲು ಕಣೇ. ನಾನು ಕೂತು ಅದನ್ನ ಅಳಿಸಲಾ? ನಮ್ಮ ಹತ್ರ ಈ ಬಾಯಿ ಒಂದು ಬಿಟ್ರೆ ಏನಿದೆ? ಇದನ್ನ ನಂಬಿ ತಾನೇ ಎಲ್ರೂ ನಮಗೆ ದಾರಿ ಬಿಡೋದು?"

"ಕತ್ತೆನೂ ಇದೆ."

"ಕತ್ತೆನೂ ಇದೆ," ಎಂದು ಅವನು ಒಪ್ಪಿಕೊಂಡ.

ಸತ್ತಾಮನ ಎದುರು ಅವನು ತರ್ಫಾ ಹೇಳಿದ್ದನ್ನು ಅಕ್ಷರ ಬಿಡದೆ ಹೇಳಿದ. ಕುಹೈಲಾ ಎಂಬ ಮಾತು ಕೇಳಿ ಹೆಂಗಸರು ಕೇಕೆ ಹಾಕಿದರು. ದಹಾಮ ಎದ್ದು ಹೋಗಿ ಕುದುರೆಯ ಎದುರು ನಿಂತು ಅದರ ಕಣ್ಣಂಚಿನ ಕಪ್ಪನ್ನು ನೋಡಿದ, ಈವರೆಗೆ ಕಂಡೇ ಇರಲಿಲ್ಲವೇನೋ ಎಂಬಂತೆ.

"ಇನ್ನು ಪಳಗಿಸು," ಎಂದ. ಈ ಸಲ ದನಿಯಲ್ಲಿ ಬೇಡಿಕೆಯಿತ್ತು.

ಗುನೈಮ ಶೇಖನ ಒರಳನ್ನು ಕೇಳಿ ತರಿಸಿಕೊಂಡ. ಕುದುರೆಯ ಹಗ್ಗ ಬಿಚ್ಚಿಸಿದ. ಅದಕ್ಕೆ ಬೆನ್ನು ಮಾಡಿ ಕೂತು ಒನಕೆ ಎತ್ತಿದ. ಎರಡು ಮೆಲ್ಲಗೆ, ಒಂದು ಜೋರು, ಅಂಚು ಸವರಿ, ತಡೆದು, ಬಿಟ್ಟ. ಮೊದಮೊದಲು ಕೈ ತಪ್ಪಿತು. ಆಮೇಲೆ ಹಿಡಿತ ಸಿಕ್ಕಿತು. ಬೆನ್ನ ಹಿಂದೆ ಗೊರಸಿನ ಸದ್ದು. ನಿಂತಿತು. ಮತ್ತೆ ಗೊರಸಿನ ಸದ್ದು. ಬಿಸಿಯಾದ, ಒದ್ದೆಯಾದ ಗಲ್ಲವೊಂದು ಅವನ ಎಡಹೆಗಲ ಮೇಲೆ ಕೂತಿತು. ಎಷ್ಟು ಭಾರವಾಗಿ ಎಂದರೆ, ಅದು ಬಹಳ ದಿನದಿಂದ ಆ ತಲೆಯನ್ನು ಒಂಟಿಯಾಗಿ ಹೊತ್ತುಕೊಂಡಿದ್ದಂತಿತ್ತು.

ನೋಡುತ್ತಿದ್ದವರು ದೇವರ ಹೆಸರು ತೆಗೆದರು. ಗುನೈಮನಿಗೆ ಗೆದ್ದ ಹಾಗೆ ಅನಿಸಲಿಲ್ಲ. ಖರ್ಜೂರ ಕೊಟ್ಟ. ಅದು ತಿಂದಿತು.

ದಹಾಮನಿಗೆ ಆ ಕುಟ್ಟು ಕಲಿಸುವುದೇ ಕಷ್ಟವಾಯಿತು.

"ಏನೋ ಇದು, ಹಾವು ಬಡಿದ ಹಾಗೆ ಬಡೀತಿದ್ದೀಯ," ಎಂದ ಗುನೈಮ.

"ಕುಂಟು ಕುಟ್ಟು ಅಂದ್ರೆ ಹೆಂಗೆ ಕುಟ್ಟೋದು? ನನ್ನ ಕೈ ಸರಿಯಾಗಿದೆ!"

"ಅದೇ ತೊಂದರೆ. ಕೈ ಮುರಿದಿದೆ ಅಂದ್ಕೋ. ನೋಯ್ತಾ ಇದೆ, ಆದ್ರೂ ನೆಂಟರು ಬಂದಿದ್ದಾರೆ ಅಂದ್ಕೋ."

ಕೆಲವು ದಿನ ಊರಿಡೀ ಕಾಫಿಪುಡಿ ಹಿಟ್ಟಿನಷ್ಟು ನುಣ್ಣಗಾಗಿತ್ತು. ಕೊನೆಗೊಂದು ಬೆಳಿಗ್ಗೆ ದಹಾಮನ ಕೈ ಸರಿಯಾದ ಜಾಗದಲ್ಲಿ ತಡೆಯಿತು. ರೀಶಾ ಬಂದು ಅವನ ಹೆಗಲ ಮೇಲೆ ಗಲ್ಲ ಇಟ್ಟಳು. ಹುಡುಗ ಕಣ್ಣಲ್ಲಿ ನೀರು ಬಂದದ್ದು ಯಾರಿಗೂ ಕಾಣದಿರಲೆಂದು ಬಗ್ಗಿ ಒರಳಿನೊಳಗೆ ನೋಡುತ್ತಾ ಕೂತ. ಅವತ್ತಿನಿಂದ ಅವಳ ಕಾಲಬುಡದಲ್ಲೇ ಮಲಗಿದ. ತನ್ನ ಪಾಲಿನ ಒಂಟೆಹಾಲು ಅವಳಿಗೆ ಕುಡಿಸಿದ. ಒಳ್ಳೆಯ ಹುಡುಗ ಇವನು, ಗುನೈಮ ಅಂದುಕೊಂಡ. ಒಳ್ಳೆಯವರು ಹತ್ತಿದ ಕುದುರೆಗಳೂ ಸಾಯುತ್ತಿದ್ದವು.

ಚಳಿ ಮುಗಿಯುತ್ತಿದ್ದಂತೆ ದಾಳಿಯ ಮಾತು ಎದ್ದಿತು. ದಕ್ಷಿಣದ ಕಣಿವೆಗೆ. ದಹಾಮ ಈಟಿಯ ತುದಿಗೆ ಉಷ್ಟ್ರಪಕ್ಷಿಯ ಕಪ್ಪುಗರಿಯ ಗೊಂಡೆ ಕಟ್ಟುತ್ತಿದ್ದಾಗ ಗುನೈಮ ಹತ್ತಿರ ಹೋಗಿ ನಿಂತ.

"ಆ ಕಡೆಗೆ ಬೇರೆ ಕುದುರೆ ಹತ್ತಿಕೊಂಡು ಹೋಗು ಮಗಾ."

"ಯಾಕೆ?"

"ಅವಳು ಹುಟ್ಟಿದ ಜಾಗ ಅದು."

"ಅದಕ್ಕೇ ತಾನೇ ಹೋಗ್ತಿರೋದು!" ದಹಾಮ ನಕ್ಕ. "ಅವರ ಕಣ್ಣೆದುರೇ ಅವರ ಕುಹೈಲಾ ಮೇಲೆ ಕೂತು ಅವರ ಒಂಟೆ ಹೊಡ್ಕೊಂಡು ಬರ್ತೀನಿ. ಇದಕ್ಕಿಂತ ಇನ್ನೇನು ಬೇಕು?"

ದಾಳಿ ಯಾವಾಗಲೂ ಬೆಳಕು ಹರಿಯುವ ಹೊತ್ತಿಗೆ. ಬೆಳಕು ಹರಿಯುವ ಹೊತ್ತಿಗೆ ತೇಪೆ ಹಾಕಿದ ಆ ಡೇರೆಯಲ್ಲಿ ತರ್ಫಾ ಒರಳು ಮುಂದೆ ಎಳೆದುಕೊಳ್ಳುತ್ತಾಳೆ. ಈ ಕುಟ್ಟು ಅವಳದೆಂದು ದಹಾಮನಿಗೆ ಗೊತ್ತು, ಸತ್ತಾಮನಿಗೂ ಗೊತ್ತು. ಕುಟ್ಟು ಕಲಿತ ಮೇಲೆ ಅದು ತಮ್ಮದೇ ಆಯಿತೆಂದು ನಂಬಿಬಿಟ್ಟಿದ್ದರು. ಕಿತ್ತು ತಂದ ಕುದುರೆ, ಒಂಟೆ, ಡೇರೆಬಟ್ಟೆ ಎಲ್ಲವೂ ಹಾಗೆಯೇ ತಮ್ಮದಾಗುತ್ತಿತ್ತಲ್ಲ. ಕಣಿವೆಯಲ್ಲಿ ಅದು ಇನ್ನೂ ದಿನಾ ಕುಟ್ಟಿಕೊಂಡೇ ಇರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಗುನೈಮನಿಗೆ ಹೊಳೆದಿತ್ತು. ತರ್ಫಾಳ ಡೇರೆಯಿಂದ ಹಿಂತಿರುಗಿ ಬರುವಾಗಲೇ ಹೊಳೆದಿತ್ತು.

ಅವನು ಬಾಯಿ ತೆರೆದ. ರೀಶಾ ಆ ಸದ್ದು ಕೇಳಿದರೆ ಲಗಾಮು, ತೊಡೆ, ಈಟಿ ಯಾವುದಕ್ಕೂ ನಿಲ್ಲುವುದಿಲ್ಲ, ಸೀದಾ ಅಲ್ಲಿಗೇ ಹೋಗುತ್ತಾಳೆ. ಇಷ್ಟೇ ಹೇಳಬೇಕಿತ್ತು. ಹೇಳಿದ್ದರೆ ದಹಾಮ ಬೇರೆ ಕುದುರೆ ಹತ್ತುತ್ತಿದ್ದ. ರೀಶಾ ಮುಂದಿನ ದಾಳಿಗೆ, ಅದರ ಮುಂದಿನ ದಾಳಿಗೆ ಹೋಗುತ್ತಿದ್ದಳು. ಆಮೇಲೊಂದು ದಿನ ಯಾವನೋ ಸವಾರ ಬಾವಿಕಟ್ಟೆಯ ಬಳಿ ಒಂಟೆ ನಿಲ್ಲಿಸಿ, "ಕದಲಲೇ ಇಲ್ಲ ನೋಡು," ಎನ್ನುತ್ತಿದ್ದ.

"ಏನಜ್ಜಾ?" ಎಂದ ದಹಾಮ.

"ಏನಿಲ್ಲ. ಜೀನಿನ ಹೊಟ್ಟೆಪಟ್ಟಿ ಸಡಿಲ ಬಿಡು. ಅವಳಿಗೆ ಬಿಗಿ ಆಗಲ್ಲ."

ಸವಾರರು ಹೋದ ಮೇಲೆ ಅವನು ಡೇರೆಸಾಲಿನ ತುದಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕೂತ. ಊಟಕ್ಕೆ ಕರೆದರೆ ಏಳಲಿಲ್ಲ. ವದಹಾ ರೊಟ್ಟಿ ತಂದು ಪಕ್ಕದಲ್ಲಿ ಕೂತಳು. ಅವಳಿಗೆ ಹೇಳಿದ. ಯಾರಿಗಾದರೂ ಹೇಳಲೇಬೇಕಿತ್ತು.

"ಡೇರೆ ಹಗ್ಗ ಮುಟ್ಟಿದ್ರೆ ಆಯ್ತು," ಎಂದ. "ಹಗ್ಗ ಮುಟ್ಟಿದವನು ಅತಿಥಿ. ತರ್ಫಾ ಕೊಲ್ಲಕ್ಕೆ ಬಿಡಲ್ಲ."

"ಹಗ್ಗ ಮುಟ್ಟೋಕೆ ಮುಂಚೆ?"

ಅವನು ಮೊದಲ ಡೇರೆಗೂ ತರ್ಫಾಳ ಡೇರೆಗೂ ನಡುವೆ ಎಷ್ಟು ಬಯಲಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡುತ್ತಿದ್ದ. ಆ ಬಯಲು ಒಮ್ಮೆ ಅಂಗಳದಷ್ಟು ಕಾಣುತ್ತಿತ್ತು, ಒಮ್ಮೆ ಕೊನೆಯೇ ಇರುತ್ತಿರಲಿಲ್ಲ. ಕಣಿವೆಯವರ ಬಳಿ ಹೊಸ ಬಂದೂಕುಗಳಿದ್ದವು. ದಹಾಮ ತನ್ನ ಪಾಲಿನ ಹಾಲು ಕುಡಿಸಿದ್ದ. ಒರಳಿನೊಳಗೆ ನೋಡುತ್ತಾ ಅತ್ತಿದ್ದ.

"ಎದ್ದು ಹೋಗಿ ಹೇಳ್ಬೇಕಿತ್ತು ನೀನು," ಎಂದಳು ವದಹಾ. ಬೈಗುಳದ ಹಾಗಿರಲಿಲ್ಲ ಅದು. ರೊಟ್ಟಿ ಮುರಿದು ಅವನ ಕೈಗಿಟ್ಟಳು.

ಸವಾರರು ಬರಿಗೈಯಲ್ಲಿ ಚದುರಿ ಹಿಂದಿರುಗಿದರು. ಅವರ ಜೊತೆ ದಹಾಮ ಇರಲಿಲ್ಲ. "ಅವನ ಕುದುರೆ ನಮ್ಮನ್ನ ಬಿಟ್ಟು ತಾನೊಂದೇ ಮುಂದೆ ನುಗ್ಗಿತು," ಎಂದರು. "ಅವನನ್ನ ನೋಡಿ ಊರೆಲ್ಲ ಎದ್ದುಬಿಡ್ತು." ಅವನ ತಾಯಿ ಡೇರೆಯ ಕಂಬ ಹಿಡಿದು ನಿಂತಳು, ಕೂರಲಿಲ್ಲ. ಗುನೈಮ ಆ ಕಡೆ ತಲೆ ಎತ್ತಿ ನೋಡಲಿಲ್ಲ. ಕುಳಿತಲ್ಲೇ ಇನ್ನಷ್ಟು ಕುಗ್ಗಿದ.

ಮಾರನೆಯ ದಿನ ಬಿಸಿಲೇರಿದ ಮೇಲೆ ದಕ್ಷಿಣದಿಂದ ಒಂದು ಮುದಿ ಒಂಟೆ ತೂಗಾಡುತ್ತಾ ಬಂತು. ಅದರ ಮೇಲೆ ದಹಾಮ. ಈಟಿ ಇಲ್ಲ, ತಲೆಪಟ್ಟಿ ಇಲ್ಲ. ಹಣೆಯ ಮೇಲೆ ಉಬ್ಬು.

ತಾಯಿ ಅವನನ್ನು ತಡವಿ ನೋಡಿದಳು. ಸತ್ತಾಮನ ಡೇರೆಯಲ್ಲಿ ಜನ ನೆರೆದರು. ಹೇಳಲು ಹುಡುಗನಿಗೆ ನಾಚಿಕೆ.

"ಇಳಿಜಾರಲ್ಲಿ ಅವಳ ಕಿವಿ ನಿಮಿರ್ತು," ಎಂದ. "ಆಮೇಲೆ ನಾನು ಸವಾರ ಅಲ್ಲ, ಮೂಟೆ. ಗುಂಡು ಹಾರಿದವು, ಅವಳಿಗೆ ಅದ್ಯಾವುದೂ ಲೆಕ್ಕಕ್ಕಿಲ್ಲ. ಸೀದಾ ಆ ಡೇರೆಗೆ ನುಗ್ಗಿದ್ಲು. ನಾನು ಮೇಲೇ ಇದ್ದೆ. ಕಂಬ ಹಣೆಗೆ ಹೊಡೀತು. ಆ ಮುದುಕಿ ತಲೆ ಎತ್ತಿ ನೋಡಲೂ ಇಲ್ಲ. 'ಇಳಿ ಮಗಾ, ಡೇರೆ ಹರಿದೀತು' ಅಂದ್ಲು."

ಯಾರೋ ಕಿಸಕ್ಕೆಂದರು. ಸತ್ತಾಮ ಆ ಕಡೆ ನೋಡಿದ ಮೇಲೆ ಸುಮ್ಮನಾದರು.

"ಅವಳ ತಮ್ಮ ಕತ್ತಿ ಹಿಡ್ಕೊಂಡು ಬಂದ. ಅವಳು ಒನಕೆ ಅಡ್ಡ ಹಿಡಿದ್ಲು. 'ನನ್ನ ಕಾಫಿಗೆ ಬಂದವನು' ಅಂದ್ಲು. ಮೂರು ಬಟ್ಟಲು ಕುಡಿಸಿದ್ಲು. ಜೀವ ಉಳಿಸಿದವರಿಗೆ ಕುದುರೆ ಬಿಡೋ ಪದ್ಧತಿ ಪ್ರಕಾರ ಅವಳು ಅಲ್ಲೇ ಉಳಿದ್ಲು. ನನಗೆ ಈ ಒಂಟೆ."

ಸತ್ತಾಮ ಗುನೈಮನನ್ನು ನೋಡಿದ. ಎಲ್ಲರೂ ನೋಡಿದರು. ಆಳು ಕಾಫಿ ಬಗ್ಗಿಸುತ್ತಾ ಬಂದವನು ಗುನೈಮನ ಎದುರು ತಡೆದು ನಿಂತ. ಸತ್ತಾಮ ಬಗ್ಗಿ ಗುನೈಮನ ಮುಂದಿದ್ದ ಬಟ್ಟಲನ್ನು ತಾನೇ ಬೋರಲು ಹಾಕಿದ.

"ಸುಲೂಬಿ ಮೇಲೆ ಕೈ ಎತ್ತಿದ ಅಂತ ನನಗೆ ಕೆಟ್ಟ ಹೆಸರು ಬೇಡ," ಎಂದ. "ಕುಲದ ವಿಚಾರದಲ್ಲಿ ನೀನು ನಿಜ ತಂದೆ. ಅದಕ್ಕೆ ನಿನ್ನ ಕತ್ತೆಗಳನ್ನ ನೀನು ಹೊಡ್ಕೊಂಡು ಹೋಗಬಹುದು. ನಮ್ಮ ಒರಳಿನ ಸದ್ದು ಕೇಳಿಸೋ ಕಡೆ ಇನ್ನು ಕಾಲಿಡಬೇಡ."

ಮಾತು ಬಯಲಿನಲ್ಲಿ ಕುದುರೆಗಿಂತ ಬೇಗ ಓಡುತ್ತದೆ. ಇನ್ನು ಶಾಮಿನವರೆಗೂ ಯಾರೂ ಕರೆಯುವುದಿಲ್ಲ. ಗುನೈಮ ಎದ್ದ. ಎದ್ದಾಗ ಮೊಣಕಾಲು ಲಟಕ್ಕೆಂದಿತು.

ವದಹಾ ಆಗಲೇ ಗಂಟುಮೂಟೆ ಕಟ್ಟುತ್ತಿದ್ದಳು. ದಹಾಮ ಬಂದು ಕತ್ತೆಯ ಪಕ್ಕ ನಿಂತ.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಹಗ್ಗ ಮುಟ್ಟೋ ಮುಂಚೆ ನಾನು ಸತ್ತಿದ್ರೆ?"

"ಅದನ್ನೇ ಯೋಚಿಸ್ತಾ ಕೂತಿದ್ದೆ. ನೀನು ಬರೋವರೆಗೂ."

"ಮತ್ತೆ ಯಾಕೆ ಹೇಳಲಿಲ್ಲ?"

ಗುನೈಮ ಉತ್ತರ ಹುಡುಕಿದ. ಬಹಳ ಉತ್ತರಗಳಿದ್ದವು. ಕಂದು ಕುದುರೆ, ಅದಕ್ಕೂ ಮುಂಚಿನ ಕರಿಗುದುರೆ, ಬಾವಿಕಟ್ಟೆಯ ಹೊಗಳಿಕೆಗಳು. ಅವೆಲ್ಲವನ್ನೂ ಈ ಹುಡುಗನ ಎದುರು ಸಾಲಾಗಿ ನಿಲ್ಲಿಸುವಷ್ಟು ಶಕ್ತಿ ಇರಲಿಲ್ಲ.

"ಸುಸ್ತಾಗಿತ್ತು ಮಗಾ," ಎಂದ.

ದಹಾಮ ಉಬ್ಬಿದ ಹಣೆ ಮುಟ್ಟಿಕೊಂಡ. ಹೊಡೆಯುತ್ತಾನೇನೋ ಎಂದು ವದಹಾ ಕೈಯಲ್ಲಿದ್ದ ಹಗ್ಗ ಬಿಟ್ಟು ನಿಂತಳು. ಅವನು ಹೊಡೆಯಲಿಲ್ಲ. "ಆ ಮುದುಕಿ ತೊಡೆ ಮೇಲೆ ತಲೆಯಿಟ್ಟು ತಿಂತಿದ್ಲು," ಎಂದ. "ನನ್ನ ಕಡೆ ಒಂದು ಸಲನೂ ತಿರುಗಲಿಲ್ಲ." ಇಷ್ಟು ಹೇಳಿ ಹೊರಟುಹೋದ.

ಅವರು ಡೇರೆಗಳನ್ನು ದಾಟಿ ಕಲ್ಲುಬಯಲಿಗೆ ಇಳಿದಾಗ ಹಿಂದಿನಿಂದ ಒರಳಿನ ಸದ್ದು ಬಂತು. ಶೇಖನ ನಗಾರಿ ಕುಟ್ಟು ಅಲ್ಲ. ಎರಡು ಮೆಲ್ಲಗೆ, ಒಂದು ಜೋರು, ಅಂಚು ಸವರಿ, ತಡೆದು, ಬಿಟ್ಟದ್ದು. ಚೆನ್ನಾಗಿ ಕಲಿತಿದ್ದ ಹುಡುಗ. ಬರುವವರು ಯಾರೂ ಇಲ್ಲದ್ದಕ್ಕೋ ಏನೋ, ತುಂಬ ಹೊತ್ತು ಕುಟ್ಟಿದ. ಗುನೈಮ ಅದು ಕೇಳಿಸದಾಗುವವರೆಗೂ ಕತ್ತೆಯನ್ನು ನಿಧಾನಕ್ಕೆ ನಡೆಸಿದ.

"ಇನ್ನೇನು ಮಾಡೋದು?" ಎಂದ ಆಮೇಲೆ.

"ಜಿಂಕೆ ಹೊಡಿ. ಪಾತ್ರೆಗೆ ಕಲಾಯಿ ಹಾಕು. ನಿಮ್ಮಪ್ಪ ಮಾಡ್ತಿರಲಿಲ್ವಾ? ಅಂತೂ ಕುದುರೆ ಕಾಟ ತಪ್ತು," ಎಂದಳು ವದಹಾ.

ಅಷ್ಟರಲ್ಲಿ ಅವಳ ಕತ್ತೆ ನಿಂತುಬಿಟ್ಟಿತು. ಕಾರಣ ಏನೂ ಇರಲಿಲ್ಲ, ಕತ್ತೆಗೆ ಕಾರಣ ಬೇಕೂ ಇಲ್ಲ. ವದಹಾ ಇಳಿದು ಜಗ್ಗಿದಳು, ಬೈದಳು, ಅದರ ತಾಯಿಯ ಕುಲವನ್ನೂ ಎತ್ತಿ ಆಡಿದಳು. ಅದು ಕಿವಿ ಹಿಂದಕ್ಕೆ ಒತ್ತಿ ನೆಲಕ್ಕೆ ಬೇರು ಬಿಟ್ಟ ಹಾಗೆ ನಿಂತಿತ್ತು. ಗುನೈಮ ತನ್ನ ಕತ್ತೆಯಿಂದ ಇಳಿದ. ಏನು ಮಾಡುತ್ತಿದ್ದೇನೆ ಎಂದು ಯೋಚಿಸಲೂ ಇಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಬಿಸಿಕಲ್ಲಿನ ಮೇಲೆ, ಅದಕ್ಕೆ ಬೆನ್ನು ಮಾಡಿ ಕೂತ.

"ಏಳಪ್ಪಾ ಮಾರಾಯ, ಅದು ಕತ್ತೆ," ಎಂದಳು ವದಹಾ.

ಅವನು ಏಳಲಿಲ್ಲ. ಬಿಸಿಲು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕತ್ತೆ ಬಂದು ಅವನ ಹೆಗಲ ಮೇಲೆ ಗಲ್ಲ ಇಟ್ಟಿತು. ಅವನಿಗೆ ಆಗಲೇ ನಿದ್ದೆ ಹತ್ತಿತ್ತು.